ಸರೋವರದ ತಳದ ಗಂಟೆ

ಸರೋವರವೆಂದರೆ ನಮ್ಮ ಕಾವ್ಯಗಳನ್ನು ಓದಿದವರಿಗೆ ತಾವರೆ, ಹಂಸ, ದುಂಬಿಗಳು ನೆನಪಾಗುವುದು ಸಹಜ. ರನ್ನನ ಗದಾಯುದ್ಧದಲ್ಲಿ ಮಾತ್ರ ಸರೋವರಕ್ಕೆ ಬೇರೊಂದು ಮುಖವಿದೆ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನನ್ನು ವೈಶಂಪಾಯನ ಸರೋವರವು ತನ್ನ ಒಡಲೊಳಗೆ ಬಚ್ಚಿಡುತ್ತದೆ. ಅವನಾದರೋ ಭೀಮನ ಮೂದಲೆಯ ಕೂಗಿಗೆ ಮೇಲೆದ್ದು ಬಂದನು. ಇಲ್ಲಿ ಹೇಳಹೊರಟಿರುವುದು, ಯಾರ ಕೂಗಿಗೂ ಓಗೊಡದೆ ಸರೋವರದ ತಳದಲ್ಲಿಯೇ ಉಳಿದ ಇಪ್ಪತ್ತೊಂಬತ್ತು ಮಂದಿಯ ಸಂಗತಿ. ಅವರ ಹಡಗನ್ನು ಅರಸುತ್ತ ಇಳಿದವರ ಸಂಗತಿ.

ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡ ದೇಶಗಳ ಗಡಿಯ ಬಳಿ ಐದು ಮಹಾಸರೋವರಗಳಿವೆ. ಅವುಗಳಲ್ಲಿ ಹಿರಿದಾದುದು ಸುಪೀರಿಯರ್. ಇದರ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲನ್ನು ಮುಳುಗಿಸಬಲ್ಲಷ್ಟು ನೀರಿನ ಹರವು. ನೀರು ಸಿಹಿಯಾದರೂ ಸ್ವಭಾವ ಕಡಲಿನದೇ. ಅದರಲ್ಲಿಯೂ ನವೆಂಬರ್ ತಿಂಗಳ ಬಿರುಗಾಳಿಯೆಂದರೆ ಅಲ್ಲಿಯ ನಾವಿಕರಿಗೆ ಎದೆ ನಡುಕ.

ಈ ಸರೋವರಗಳಲ್ಲಿ ಕಬ್ಬಿಣದ ಅದುರನ್ನು ಸಾಗಿಸಲೆಂದು 1958ರಲ್ಲಿ ಒಂದು ಹಡಗನ್ನು ನೀರಿಗಿಳಿಸಿದರು. ಉದ್ದ 729 ಅಡಿ. ಅಂದಿಗೆ ಆ ಸರೋವರಗಳಲ್ಲಿ ಅದಕ್ಕಿಂತ ದೊಡ್ಡ ಹಡಗಿರಲಿಲ್ಲ. ಅದನ್ನು ಕಟ್ಟಿಸಿದ್ದು ಒಂದು ವಿಮಾ ಸಂಸ್ಥೆ. ಆ ಸಂಸ್ಥೆಯ ಅಧ್ಯಕ್ಷನ ಹೆಸರನ್ನೇ ಹಡಗಿಗೂ ಇಟ್ಟರು: ಎಡ್ಮಂಡ್ ಫಿಟ್ಸ್‌ಜೆರಾಲ್ಡ್.

1975ರ ನವೆಂಬರ್ 9ರ ಮಧ್ಯಾಹ್ನ ಈ ಹಡಗು ಸುಪೀರಿಯರ್ ಎಂಬ ಹೆಸರಿನ ಬಂದರಿನಿಂದಲೇ ಹೊರಟಿತು. ಒಡಲಲ್ಲಿ ಗೋಲಿಯಂತೆ ಉಂಡೆಗಟ್ಟಿದ ಅದುರು 26,116 ಟನ್ನು. ನಾಯಕ ಅರ್ನೆಸ್ಟ್ ಮೆಕ್‌ಸಾರ್ಲಿ, ಬಹುಕಾಲ ಈ ನೀರಿನಲ್ಲಿಯೇ ಪಳಗಿದವನು. ಆರ್ಥರ್ ಆಂಡರ್ಸನ್ ಎಂಬ ಇನ್ನೊಂದು ಹಡಗು ಅದೇ ದಾರಿಯಲ್ಲಿ ಬರುತ್ತಿತ್ತು. ಎರಡೂ ಹಡಗುಗಳ ನಾಯಕರು ರೇಡಿಯೋದಲ್ಲಿ ಮಾತನಾಡಿಕೊಳ್ಳುತ್ತ ಸಾಗಿದರು.

ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ನಮಗೆ ಅದು ಸಂಗೀತವನ್ನೂ ವಾರ್ತೆಯನ್ನೂ ತರುವ ಗೆಳೆಯ. ಆ ದಿನ ಮೆಕ್‌ಸಾರ್ಲಿಗೆ ಅದು ಕಣ್ಣೇ ಆಗಿತ್ತು. ಮರುದಿನ, ಅಂದರೆ 10ರಂದು, ಬಿರುಗಾಳಿ ಬಲಿಯಿತು. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಆತ ಆಂಡರ್ಸನ್‌ಗೆ ತಿಳಿಸಿದ: ಕಟಕಟೆಯ ಒಂದು ಭಾಗ ಕಿತ್ತುಹೋಗಿದೆ, ಗಾಳಿಕೊಳವೆಗಳು ಕೆಟ್ಟಿವೆ, ಹಡಗು ಒಂದು ಮಗ್ಗುಲಿಗೆ ವಾಲಿದೆ, ನೀರೆತ್ತುವ ಯಂತ್ರಗಳನ್ನು ನಡೆಸುತ್ತಿದ್ದೇವೆ. ಸ್ವಲ್ಪ ಹೊತ್ತಿನಲ್ಲಿ ಅದರ ರೇಡಾರುಗಳೂ ನಿಂತವು. ಮುಂದಿದ್ದ ವೈಟ್‌ಫಿಶ್ ಭೂಶಿರದಿಂದ ದಿಕ್ಕು ತೋರಬೇಕಾದ ರೇಡಿಯೋ ಸಂಕೇತವೂ ಸ್ತಬ್ಧವಾಗಿತ್ತು. ಅಲ್ಲಿಂದ ಮುಂದೆ ಹಿಂದಿನ ಹಡಗಿನ ರೇಡಾರೇ ಮುಂದಿನ ಹಡಗಿಗೆ ದಾರಿ ಹೇಳಬೇಕಾಯಿತು. ಕುರುಡನ ಕೈ ಹಿಡಿದು ನಡೆಸಿದಂತೆ!

ರಾತ್ರಿ ಏಳು ಗಂಟೆ ಹತ್ತು ನಿಮಿಷಕ್ಕೆ ಆಂಡರ್ಸನ್ ಹಡಗಿನವರು, ನಿಮ್ಮ ಕಷ್ಟ ಹೇಗಿದೆ ಎಂದು ವಿಚಾರಿಸಿದರು. ಹೇಗೋ ತಡೆದುಕೊಂಡಿದ್ದೇವೆ ಎಂದು ಉತ್ತರ ಬಂತು. ಅದೇ ಕಡೆಯ ಮಾತು. ಹಿಮದ ಮುಸುಕು ಸರಿದಾಗ ಮುಂದೆ ಹಡಗಿನ ದೀಪವಿಲ್ಲ. ರೇಡಾರಿನ ತೆರೆಯ ಮೇಲೆ ಚುಕ್ಕೆಯೂ ಇಲ್ಲ. ಆಪತ್ತಿನ ಕರೆಯೊಂದನ್ನು ಕಳುಹಿಸಲೂ ಅವಕಾಶವಿಲ್ಲದಷ್ಟು ಬೇಗನೆ ಎಲ್ಲವೂ ಮುಗಿದಿತ್ತು. ಆಸರೆಯ ನೀರನ್ನು ಸೇರಿದ್ದ ಆಂಡರ್ಸನ್, ಕರಾವಳಿ ಪಡೆಯವರು ಕೇಳಿಕೊಂಡಾಗ, ಮತ್ತೆ ಅದೇ ಬಿರುಗಾಳಿಯೊಳಕ್ಕೆ ತಿರುಗಿತು. ಸಿಕ್ಕಿದ್ದು ಜಜ್ಜಿಹೋದ ಪ್ರಾಣರಕ್ಷಕ ದೋಣಿಗಳು, ತೆಪ್ಪಗಳು ಮಾತ್ರ. ಮನುಷ್ಯರು ಒಬ್ಬರೂ ಸಿಕ್ಕಲಿಲ್ಲ. ಮರುದಿನ ಡೆಟ್ರಾಯಿಟ್ ನಗರದ ನಾವಿಕರ ಇಗರ್ಜಿಯಲ್ಲಿ ಇಪ್ಪತ್ತೊಂಬತ್ತು ಬಾರಿ ಗಂಟೆ ಬಾರಿಸಿದರು.

ಇನ್ನು ಅನ್ವೇಷಣೆಯ ಕಥೆ. ನವೆಂಬರ್ 14ರಂದೇ ನೌಕಾದಳದ ವಿಮಾನವೊಂದು, ನೀರಿನಡಿಯ ಕಬ್ಬಿಣದ ಸುಳಿವನ್ನು ಕಾಂತಶಕ್ತಿಯ ವ್ಯತ್ಯಾಸದಿಂದ ಗುರುತಿಸುವ ಯಂತ್ರದ ಸಹಾಯದಿಂದ, ಹಡಗು ಬಿದ್ದ ಎಡೆಯನ್ನು ಸೂಚಿಸಿತು. ಶಬ್ದತರಂಗಗಳನ್ನು ಕಳುಹಿಸಿ ಅವುಗಳ ಮರುದನಿಯಿಂದ ತಳದ ಚಿತ್ರವನ್ನೂ ಪಡೆದರು. 1976ರ ಮೇ ತಿಂಗಳಲ್ಲಿ, ಒಳಗೆ ಮನುಷ್ಯರಿಲ್ಲದೆ ಮೇಲಿನಿಂದಲೇ ನಡೆಸುವ ಯಂತ್ರನೌಕೆಯನ್ನು 530 ಅಡಿ ಆಳಕ್ಕೆ ಇಳಿಸಿದರು. ದೀಪದ ಬೆಳಕಿನಲ್ಲಿ ಹಡಗಿನ ಹೆಸರು ತಲೆಕೆಳಗಾಗಿ ಕಾಣಿಸಿತು. ಹಡಗು ಮುರಿದಿತ್ತು. ಮುಂಭಾಗ ನೆಟ್ಟಗೆ ಕುಳಿತಿತ್ತು. ಹಿಂಭಾಗ ಸುಮಾರು 170 ಅಡಿ ದೂರದಲ್ಲಿ ಮಗುಚಿ ಬಿದ್ದಿತ್ತು.

ಹಡಗು ಮುಳುಗಿದ್ದೇಕೆ? ಸರಕಿನ ಕೋಣೆಗಳ ಮುಚ್ಚಳಗಳು ಬಿಗಿಯಾಗಿರದೆ ನೀರು ಒಳಸೇರಿತೆಂದು ಕರಾವಳಿ ಪಡೆ 1977ರಲ್ಲಿ ಹೇಳಿತು. ಅಲ್ಲ, ದಾರಿಯಲ್ಲಿ ಕ್ಯಾರಿಬೂ ದ್ವೀಪದ ಬಳಿ ನೀರಿನಡಿಯ ದಿಬ್ಬಕ್ಕೆ ತಳ ತಗುಲಿರಬೇಕೆಂದು ಹಡಗಿನ ಒಡೆಯರ ಸಂಘ ವಾದಿಸಿತು. ಅಲೆಯ ಭಾರಕ್ಕೆ ಮುಚ್ಚಳವೇ ಕುಸಿಯಿತೆಂದು 1978ರಲ್ಲಿ ಸಾರಿಗೆ ಸುರಕ್ಷಾ ಮಂಡಲಿಯ ತೀರ್ಪು. ಹಡಗು ಬಿದ್ದಿರುವ ಬಗೆ ಕಣ್ಣಿಗೆ ಕಾಣುತ್ತದೆ; ಬಿದ್ದ ಕಾರಣವನ್ನು ಕುರಿತ ವಾದ ಇನ್ನೂ ನಿಂತಿಲ್ಲ. ಕಂಡವರಲ್ಲಿ ಬದುಕಿದವರಿಲ್ಲವಷ್ಟೆ! ಆದರೂ ಈ ವಿಚಾರಣೆಗಳು ವ್ಯರ್ಥವಾಗಲಿಲ್ಲ. ಆಳ ಅಳೆಯುವ ಯಂತ್ರ, ಚಳಿನೀರಿನಲ್ಲಿ ಜೀವ ಉಳಿಸುವ ಉಡುಪು ಮುಂತಾದವು ಅಲ್ಲಿಯ ಹಡಗುಗಳಿಗೆ ಕಡ್ಡಾಯವಾದುವು. ಅಂಥ ದೊಡ್ಡ ಸರಕುಹಡಗು ಆ ಸರೋವರಗಳಲ್ಲಿ ಮತ್ತೆ ಮುಳುಗಿಲ್ಲ.

ಕಾರಣವನ್ನು ಹುಡುಕಲು ಇಳಿಯುವುದು ಸರಿ. ಕುತೂಹಲಕ್ಕೆಂದು ಇಳಿಯುವುದು? 1980ರಿಂದ ಮುಂದೆ ಹಲವು ತಂಡಗಳು ಅಲ್ಲಿಗೆ ಇಳಿದುವು. ಸುಪೀರಿಯರಿನ ಆಳದ ನೀರು ವರ್ಷವಿಡೀ ಕೊರೆಯುವ ಚಳಿ. ಅಲ್ಲಿ ದೇಹಗಳು ಬೇಗ ಕೊಳೆಯುವುದಿಲ್ಲ, ಮೇಲಕ್ಕೆ ತೇಲುವುದೂ ಇಲ್ಲ. 1994ರಲ್ಲಿ ಒಂದು ತಂಡಕ್ಕೆ ಹಡಗಿನ ಹೊರಗೆ, ತೇಲುಡುಪು ತೊಟ್ಟಂತಿದ್ದ ಒಂದು ದೇಹ ಕಾಣಿಸಿತು. ಅದರ ಚಿತ್ರ ತೆಗೆದ ಸುದ್ದಿ ಕೇಳಿ ಮಡಿದವರ ಮನೆಯವರು ಕನಲಿದರು. ಅದು ಯಾರ ಮಗನೋ, ಯಾರ ತಂದೆಯೋ! ಇಪ್ಪತ್ತೊಂಬತ್ತು ಮನೆಗಳಲ್ಲಿಯೂ ಅದು ನಮ್ಮವನಿರಬಹುದೆಂಬ ಅಳುಕು ಹುಟ್ಟಿದ್ದರೆ ಆಶ್ಚರ್ಯವಿಲ್ಲ. ನೀವೇ ಆ ಮನೆಯವರಾಗಿದ್ದರೆ ಏನು ಹೇಳುತ್ತಿದ್ದಿರಿ, ಯೋಚಿಸಿ ನೋಡಿ.

ಮನೆಯವರು ಕೇಳಿದ್ದು ಇಷ್ಟೇ: ಅದು ನಮ್ಮವರ ಸಮಾಧಿ, ಅದನ್ನು ಕೆದಕಬೇಡಿ; ನೆನಪಿಗೆ ಹಡಗಿನ ಗಂಟೆಯೊಂದನ್ನು ಮಾತ್ರ ತಂದುಕೊಡಿ. ಸಮಾಧಿಗೆ ಕಲ್ಲು ನೆಡುವ ರೂಢಿಯುಳ್ಳ ಜನ ಅವರು. ಮಡಿದವರು ನೀರಿನಡಿಯಲ್ಲಿದ್ದುದರಿಂದ ಗಂಟೆಯೇ ಅವರಿಗೆ ಕಲ್ಲಾಗಬೇಕಾಯಿತು. ಕೆನಡದ ನೌಕಾದಳವೂ, ಹಡಗುಗಳ ಇತಿಹಾಸವನ್ನು ಸಂಗ್ರಹಿಸುವ ಅಲ್ಲಿಯ ಸಂಸ್ಥೆಯೂ ಇದಕ್ಕೆ ನೆರವಾದುವು. 1995ರ ಜುಲೈ 4ರಂದು ಲೋಹದ ಕವಚ ತೊಟ್ಟ ಮುಳುಗಾಳು ಕಂಚಿನ ಗಂಟೆಯನ್ನು ಬಿಡಿಸಿ ಮೇಲಕ್ಕೆ ಕಳುಹಿಸಿದ. ಆದರೆ ಹಡಗನ್ನು ಬರಿದಾಗಿ ಬಿಡಲಿಲ್ಲ. ಇಪ್ಪತ್ತೊಂಬತ್ತು ಹೆಸರುಗಳನ್ನು ಕೆತ್ತಿದ ಹೊಸ ಗಂಟೆಯೊಂದನ್ನು ಕೆಳಗೆ ಇರಿಸಿ ಬಂದರು. ಇಂದು ಅಲ್ಲಿಗೆ ಇಳಿಯಬೇಕಾದರೆ ಕೆನಡದ ಆಂಟೇರಿಯೊ ಪ್ರಾಂತದ ಸರಕಾರದ ಅಪ್ಪಣೆ ಬೇಕು.

ಹಳೆಯ ಗಂಟೆ ಈಗ ವೈಟ್‌ಫಿಶ್ ಭೂಶಿರದ ವಸ್ತುಸಂಗ್ರಹಾಲಯದಲ್ಲಿದೆ. ಪ್ರತಿ ನವೆಂಬರ್ 10ರಂದು ಅದನ್ನು ಇಪ್ಪತ್ತೊಂಬತ್ತು ಬಾರಿ ಬಾರಿಸುತ್ತಾರೆ. ಆಮೇಲೆ ಇನ್ನೂ ಒಂದು ಬಾರಿ, ಆ ಮಹಾಸರೋವರಗಳಲ್ಲಿ ಮಡಿದ ಉಳಿದೆಲ್ಲರ ಹೆಸರಿನಲ್ಲಿ.

ಇತಿಹಾಸವನ್ನು ಅರಸುವವರು ತಳ ಮುಟ್ಟಿ ನೋಡಬೇಕು, ನಿಜ. ತಳದಲ್ಲಿ ಕಂಡುದನ್ನೆಲ್ಲ ಮೇಲಕ್ಕೆ ತರಬೇಕೆಂಬ ನಿಯಮವೇನೂ ಇಲ್ಲ. ಯಾವುದನ್ನು ತರಬೇಕು, ಯಾವುದನ್ನು ಅಲ್ಲಿಯೇ ಬಿಡಬೇಕು ಎಂಬ ವಿವೇಕವನ್ನು ಆ ಹಡಗಿನ ವಿಷಯದಲ್ಲಿ ಕಲಿಸಿಕೊಟ್ಟವರು ಪಂಡಿತರಲ್ಲ. ಮನೆಯವನನ್ನು ಕಳೆದುಕೊಂಡ ಸಾಮಾನ್ಯ ಜನ.