ಕುಲಪತಿಯ ರುಜು

ನಮ್ಮ ನ್ಯಾಮತಿ ಕಡೆ ಕುಲಪತಿ ಎಂದರೆ ಬಹುಕಾಲ ಒಂದು ರುಜು ಮಾತ್ರ. ಆ ಮನುಷ್ಯನನ್ನು ಕಣ್ಣಾರೆ ಕಂಡವರು ಕಡಿಮೆ. ನಮ್ಮ ಮನೆಯ ಟ್ರಂಕಿನಲ್ಲಿ ಮೂರು ಪದವಿ ಪತ್ರಗಳಿವೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಓದಿದ ನನ್ನದು 1974ರದು, ಮೈಸೂರು ವಿಶ್ವವಿದ್ಯಾನಿಲಯದ್ದು, ಕೆಳಗೆ ದೇ. ಜವರೇಗೌಡರ ಸಹಿ. ಸೋದರಮಾವನ ಮನೆಯಲ್ಲಿದ್ದುಕೊಂಡು ಚನ್ನಗಿರಿಯಲ್ಲಿ ಓದಿದ ನಮ್ಮ ಕೊನೆಯ ತಮ್ಮನದು 1989ರದು, ಕುವೆಂಪು ವಿಶ್ವವಿದ್ಯಾಲಯದ್ದು, ಸಹಿ ಶಾಂತಿನಾಥ ದೇಸಾಯಿಯವರದು. ಮಗಳದು 2012ರದು, ದಾವಣಗೆರೆ ವಿಶ್ವವಿದ್ಯಾಲಯ, ಎಸ್. ಇಂದುಮತಿ. ಮನೆ ಅದೇ, ಅಡಿಕೆ ತೋಟ ಅದೇ. ವಿಶ್ವವಿದ್ಯಾಲಯ ಮಾತ್ರ ಬದಲಾಗುತ್ತಲೇ ಬಂತು.

ಹೊನ್ನಾಳಿ, ಚನ್ನಗಿರಿ, ಜಗಳೂರುಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಈ ರುಜು ಹಾಕುವವರನ್ನು ಆರಿಸುವವರು ಯಾರು, ಹೇಗೆ ಎಂದು ಹುಡುಗರು ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳಬಹುದಾದ ಕತೆ ಚೆನ್ನಾಗಿದೆ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಶೋಧನಾ ಸಮಿತಿಯೂ ಇರಲಿಲ್ಲ, ಅರ್ಜಿಯೂ ಇರಲಿಲ್ಲ. ಕುಲಾಧಿಪತಿ ಸ್ವತಃ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು. ಮೊದಲ ಕುಲಪತಿಯಾದ ಎಚ್.ವಿ. ನಂಜುಂಡಯ್ಯನವರು ಕಾಲೇಜು ಮೇಷ್ಟರಲ್ಲ, ಸಂಸ್ಥಾನದ ನ್ಯಾಯಾಡಳಿತದಲ್ಲಿ ಪಳಗಿದವರು. ಹಿಂದಿನ ವರ್ಷವಷ್ಟೇ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. 1920ರಲ್ಲಿ ಅವರು ತೀರಿಕೊಂಡ ಮೇಲೆ ಅರಮನೆ ದೂರದ ಕಲ್ಕತ್ತೆಯತ್ತ ನೋಡಿ ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲರನ್ನು ಕರೆಸಿಕೊಂಡಿತು. ಕನ್ನಡ ಬಾರದ ಬಂಗಾಳಿ ಪಂಡಿತರು 1921ರಿಂದ 1930ರವರೆಗೆ ಆ ಕುರ್ಚಿಯಲ್ಲಿ ಕೂತರು. ರಾಜರು ಒಲಿದರೆ ನೇಮಕ, ಅಷ್ಟೆ. ಪ್ರಜಾಪ್ರಭುತ್ವದ ಲೆಕ್ಕದಲ್ಲಿ ಇದು ತಪ್ಪೇ. ಆದರೂ ಆ ಕಾಲದಲ್ಲಿ ಆದ ಆಯ್ಕೆಗಳನ್ನು ನೋಡಿದರೆ ನನ್ನಂಥವನಿಗೂ ಬಾಯಿ ಕಟ್ಟುತ್ತದೆ.

1956ರಲ್ಲಿ ಕುವೆಂಪು ಕುಲಪತಿಯಾದರು. ಆಗ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯವು, ನ್ಯಾಮತಿ ಹೊನ್ನಾಳಿ ತಾಲ್ಲೂಕಿನದೇ ಒಂದು ಹೋಬಳಿ. ಹಾಗಾಗಿ ತೀರ್ಥಹಳ್ಳಿಯ ಕುಪ್ಪಳಿಯವರು ನಮ್ಮ ಜಿಲ್ಲೆಯವರೇ. ‘ನಮ್ಮ ಪುಟ್ಟಪ್ಪ ಮೈಸೂರಲ್ಲಿ ದೊಡ್ಡ ಸಾಹೇಬ್ರಾದ್ರು’ ಎಂದು ನಮ್ಮ ತಂದೆ ಹೇಳುತ್ತಿದ್ದುದು ನೆನಪಿದೆ. ಕುವೆಂಪು ಎಂಬ ಹೆಸರು ಅವರ ಬಾಯಿಗೆ ಕೊನೆಗೂ ರೂಢಿಯಾಗಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಪದವಿ ಪಡೆದು ಅದರ ಕುಲಪತಿಯಾದ ಮೊದಲಿಗರು ಅವರು. ತಾನು ಬೆಳೆಸಿದ ವಿದ್ಯಾರ್ಥಿಯ ಕೈಗೆ ಬೀಗದ ಕೈ ಕೊಡಲು ಆ ಸಂಸ್ಥೆಗೆ 40 ವರ್ಷ ಬೇಕಾಯಿತು. ಮಾನಸಗಂಗೋತ್ರಿ ಎಂಬ ಹೆಸರು ಅವರದು.

ಅತ್ತ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ 13 ವರ್ಷ ಕುಲಪತಿಯಾಗಿದ್ದರು. ಇವತ್ತು ಕುಲಪತಿಗೆ ನಾಲ್ಕು ವರ್ಷ. ಕಟ್ಟಡದ ನೀಲನಕ್ಷೆಗೆ ಮಂಜೂರಾತಿ ಸಿಗುವ ಹೊತ್ತಿಗೆ ಬೀಳ್ಕೊಡುಗೆಯ ಹಾರ ಬಂದಿರುತ್ತದೆ.

ಮೈಸೂರು ದೂರವಾಯಿತೆಂಬ ಕೂಗಿಗೆ ಸಿಕ್ಕ ಉತ್ತರ 1987ರ ಕುವೆಂಪು ವಿಶ್ವವಿದ್ಯಾಲಯ. ಶಿವಮೊಗ್ಗ, ಚಿಕ್ಕಮಗಳೂರಿನ ಜೊತೆ ಚಿತ್ರದುರ್ಗ ಜಿಲ್ಲೆಯೂ ಅದಕ್ಕೆ ಸೇರಿತು. ಕವಿ ಬದುಕಿರುವಾಗಲೇ ಅವರ ಹೆಸರಿಟ್ಟರು. ಮೊದಲ ಕುಲಪತಿಯಾಗಿ ಬಂದವರು ಕಾದಂಬರಿಕಾರ, ಇಂಗ್ಲಿಷ್ ಪ್ರಾಧ್ಯಾಪಕ ಶಾಂತಿನಾಥ ದೇಸಾಯಿ. ಅದರ ಆವರಣವಿದ್ದ ಶಂಕರಘಟ್ಟ ಚನ್ನಗಿರಿಯವರಿಗೆ ಭದ್ರಾವತಿ ಮೇಲೆ ಹತ್ತಿರವೇ. ಜಗಳೂರಿನವರ ಪಾಡು ಬೇರೆ. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದ್ದರೂ ಬೆಳಗಿನ ಜಾವದ ಬಸ್ಸು ಹಿಡಿದು ದಾವಣಗೆರೆ, ಅಲ್ಲಿಂದ ಶಿವಮೊಗ್ಗ, ಭದ್ರಾವತಿ ಮುಟ್ಟಿ, ಮತ್ತೊಂದು ಬಸ್ಸು ಹತ್ತಬೇಕು. ಚಲನ್ ಕಟ್ಟುವ ಹೊತ್ತಿಗೆ ಕೌಂಟರ್ ಮುಚ್ಚುತ್ತಿತ್ತು.

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ಜಿಲ್ಲೆ ಬದಲಾದರೂ ಪದವಿ ಶಂಕರಘಟ್ಟದ್ದೇ. 1979ರಿಂದ ಸ್ನಾತಕೋತ್ತರ ಕೇಂದ್ರವಾಗಿದ್ದ ತೋಳಹುಣಸೆಯ ಶಿವಗಂಗೋತ್ರಿ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಮೊದಲ ಕುಲಪತಿ ಮಹಿಳೆ. ಆ ವರ್ಷ ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಮಾತಿನಲ್ಲಿ ಇಂದುಮತಿಯವರ ಹೆಸರು ಬಂದಷ್ಟು ಬೇರಾವ ಕುಲಪತಿಯ ಹೆಸರೂ ಬಂದದ್ದು ನಾನು ಕೇಳಿಲ್ಲ.

ಈಗಿನ ಪದ್ಧತಿ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ್ದು. ಶೋಧನಾ ಸಮಿತಿಗೆ ಕುಲಾಧಿಪತಿಯಾದ ರಾಜ್ಯಪಾಲರದೊಬ್ಬರು, ಯುಜಿಸಿಯದೊಬ್ಬರು, ಸರ್ಕಾರದೊಬ್ಬರು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನದೊಬ್ಬರು. ಅವರು ಮೂರು ಹೆಸರು ಕೊಡಬೇಕು, ಅದೂ ಅಕಾರಾದಿಯಾಗಿ. ಯಾರು ಮೇಲು ಎಂದು ಹೇಳುವ ಹಾಗಿಲ್ಲ. ಪಟ್ಟಿ ಸರ್ಕಾರದ ಮೂಲಕ ರಾಜ್ಯಪಾಲರಿಗೆ ಹೋಗುತ್ತದೆ. ಅವರು ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ನೋಡಿ, ಸರ್ಕಾರದ ಸಹಮತಿಯೊಂದಿಗೆ ಒಬ್ಬರನ್ನು ನೇಮಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಡ. ಆದರೆ ‘ಸಹಮತಿ’ ಎಂಬಲ್ಲಿ ಬೆಂಗಳೂರಿನ ಎರಡು ಭವನಗಳ ನಡುವೆ ಕಡತ ನಿಂತರೆ ಕೇಳುವವರಿಲ್ಲ.

ಹಗ್ಗಜಗ್ಗಾಟ ಈಗ ಇನ್ನೂ ಬಿಗಿಯಾಗಿದೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿಯಾಗುವ ಮಸೂದೆಯನ್ನು 2024ರ ಡಿಸೆಂಬರಿನಲ್ಲಿ ವಿಧಾನಮಂಡಲ ಒಪ್ಪಿತು. ಮರುತಿಂಗಳೇ ಶೋಧನಾ ಸಮಿತಿ ರಚಿಸುವ ಅಧಿಕಾರವನ್ನು ಕುಲಾಧಿಪತಿಗೆ ಕೊಡುವ ಕರಡು ನಿಯಮ ಯುಜಿಸಿಯಿಂದ ಬಂತು. ಅದನ್ನು ವಿರೋಧಿಸಿ 2025ರ ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಮಂತ್ರಿಗಳು ಬೆಂಗಳೂರಿನಲ್ಲೇ ಸೇರಿದ್ದರು. ಆರಿಸುವವರು ಯಾರಾಗಬೇಕೆಂಬುದು ಅವರ ಜಗಳ. ತಾಲ್ಲೂಕಿನಲ್ಲಿ ಕೂತ ನನಗೆ ಅದಕ್ಕಿಂತ ಮುಖ್ಯವಾದದ್ದು, ಯಾವಾಗ ಆರಿಸುತ್ತಾರೆ ಎಂಬುದು.

ಏಕೆಂದರೆ ಪ್ರಭಾರದ ಕಾಲ ನಾನು ಕಂಡಿದ್ದೇನೆ. ಒಂದು ಕಾಲೇಜಿನಲ್ಲಿ ಎಂ.ಎ. ತೆರೆಯಲು ಅರ್ಜಿ ಹಾಕಿದ್ದೆವು. ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ (ಎಲ್‌ಐಸಿ) ಬರುತ್ತದೆಂದು ಗ್ರಂಥಾಲಯದ ಪುಸ್ತಕಗಳ ಧೂಳು ಹೊಡೆದು, ಮೇಜಿಗೆ ಹೊಸ ಬಟ್ಟೆ ಹಾಸಿ, ರೊಟ್ಟಿ ಎಣ್ಣೆಗಾಯಿ ಊಟ ಹಾಕಿಸಿದೆವು. ಬಂದವರು ಉಂಡು, ಕೊಠಡಿ ಅಳೆದು, ವರದಿ ಬರೆದು ಹೋದರು. ಅಷ್ಟರಲ್ಲಿ ಕುಲಪತಿಯ ಅವಧಿ ಮುಗಿಯಿತು. ಹಿರಿಯ ಡೀನ್ ಒಬ್ಬರು ಪ್ರಭಾರದಲ್ಲಿದ್ದರು. ವಿಚಾರಿಸಲು ಹೋದರೆ ಗುಮಾಸ್ತರು ಕಡತ ತೆರೆದೂ ನೋಡದೆ, ‘ಇನ್‌ಚಾರ್ಜ್‌ನೋರು ಇಂಥಾದ್ದಕ್ಕೆ ಕೈ ಹಾಕಲ್ಲ ಸಾರ್, ಹೊಸಬ್ರು ಬರ್ಲಿ’ ಎಂದರು. ಹೊಸಬರು ಬರುವಷ್ಟರಲ್ಲಿ ಪ್ರವೇಶದ ಕಾಲ ದಾಟಿತ್ತು. ಆ ವರ್ಷ ಎಂ.ಎ. ಮಾಡಬೇಕೆಂದಿದ್ದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಬೇಸಿಗೆಯಲ್ಲಿ ಮದುವೆಯಾಯಿತು.

ಕುಲಪತಿ ಅಧಿಕಾರ ವಹಿಸಿಕೊಂಡ ದಿನವೇ ಅವರು ಇಳಿಯುವ ದಿನವೂ ಗೊತ್ತಿರುತ್ತದೆ. ಸಾವು, ರಾಜೀನಾಮೆಯ ಮಾತು ಬೇರೆ. ಉಳಿದಂತೆ ಕುರ್ಚಿ ಖಾಲಿ ಬೀಳುವುದು ಶುದ್ಧ ಸೋಮಾರಿತನ, ಇಲ್ಲವೇ ಲೆಕ್ಕಾಚಾರ. ನಾಲ್ವರ ಸಮಿತಿಯಲ್ಲಿ ನಮ್ಮ ಊರುಗಳಿಗೆ ಸ್ವಲ್ಪವಾದರೂ ಹತ್ತಿರವಾದದ್ದು ಸಿಂಡಿಕೇಟಿನ ಒಂದು ಸ್ಥಾನ. ನಮ್ಮ ಶಾಸಕರು ಸೇತುವೆ, ಬಸ್‌ಸ್ಟ್ಯಾಂಡ್ ಕೇಳಿದಂತೆ ಕುಲಪತಿಯನ್ನು ಹೊತ್ತಿಗೆ ಸರಿಯಾಗಿ ಆರಿಸಿ ಎಂದೂ ಕೇಳಲಿ. ನಿಮ್ಮ ಮನೆಯಲ್ಲಿ ಪದವಿ ಓದುವ ಮಕ್ಕಳಿದ್ದರೆ, ಈಗಿನ ಕುಲಪತಿಯ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಸಿಂಡಿಕೇಟ್ ಸದಸ್ಯರೊಬ್ಬರನ್ನು ಹಿಡಿದು, ಶೋಧನಾ ಸಮಿತಿಗೆ ಯಾರನ್ನು ಕಳಿಸಿದಿರಿ ಎಂದು ಒಂದು ಮಾತು ಕೇಳಿ.