ಹಗೇವು: ನೆಲದಡಿಯ ಕಣಜದ ಹೆಸರು

ಹಗೇವು ಅಂದ್ರೆ ಕಾಳು ಕಾಪಿಡೋಕೆ ನೆಲದಲ್ಲಿ ತೋಡಿದ ಗುಂಡಿ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಬಿಳಿಜೋಳಕ್ಕೆ ಇದೇ ಬ್ಯಾಂಕು. ‘ಹಗೆ’ ಅನ್ನೋ ರೂಪವೂ ಇದೆ. ವೈರಿ ಅನ್ನೋ ಅರ್ಥದ ಹಗೆಯ ಜೊತೆ ಗೊಂದಲ ಬೇಡ.

ಹಳಗನ್ನಡದ ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು. ಹಗೇವನ್ನೂ ಹಾಗೇ ಹಿಂದಕ್ಕೆ ತಿರುಗಿಸಿದರೆ ‘ಪಗೇವು’. ಆಳಂದ ದಾಟಿ ಸೊಲ್ಲಾಪುರದ ಕಡೆ ಹೋದರೆ ಇದೇ ಗುಂಡಿಗೆ ಮರಾಠಿಯಲ್ಲಿ ‘ಪೇವ್’. ಎರಡೂ ಒಂದೇ ಪದದ ಕವಲು ಅಂತ ನಾನು ಓದಿಕೊಳ್ತೇನೆ. ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಅರಿಶಿನ ತುಂಬಿಡುತ್ತಿದ್ದ ಪೇವ್‌ಗಳು ಪ್ರಸಿದ್ಧ. 2005ರ ಪ್ರವಾಹದಲ್ಲಿ ಎಷ್ಟೋ ಹಾಳಾದವು.

ಕಟ್ಟುವ ರೀತಿ ನೋಡಿ. ನೀರು ನಿಲ್ಲದ ಎತ್ತರದ ಗಟ್ಟಿ ನೆಲ. ಒಬ್ಬ ಆಳು ಇಳಿಯುವಷ್ಟೇ ಸಣ್ಣ ಬಾಯಿ, ಒಳಗೆ ಅಗಲ ಹೊಟ್ಟೆ. ತಳಕ್ಕೂ ಗೋಡೆಗೂ ಕಣಕಿ, ಹೊಟ್ಟು. ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಮುಗೀತು. ಒಳಗಿನ ಕಾಳು, ಹುಳ ಎರಡೂ ಉಸಿರಾಡಿ ಆಮ್ಲಜನಕ ಖಾಲಿಯಾಗುತ್ತೆ, ಇಂಗಾಲದ ಡೈಆಕ್ಸೈಡ್ ತುಂಬುತ್ತೆ, ಹುಳ ಸಾಯುತ್ತೆ. ಔಷಧಿ ಇಲ್ಲ, ಕರೆಂಟ್ ಇಲ್ಲ. ಇಂಜಿನಿಯರಿಂಗ್ ನಾಲ್ಕು ವರ್ಷದಲ್ಲಿ ಇಷ್ಟು ಅಗ್ಗದ ಡಿಸೈನ್ ನನಗೆ ಯಾರೂ ಕಲಿಸಲಿಲ್ಲ. ಅಪಾಯವೂ ಅಲ್ಲೇ: ಬಾಯಿ ತೆರೆದ ಕೂಡಲೇ ಇಳಿದವನು ಉಸಿರುಗಟ್ಟಿ ಸಾಯಬಹುದು. ಅದಕ್ಕೇ ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಸಿ ನೋಡೋ ರೂಢಿ. ದೀಪ ಆರಿದರೆ ಯಾರೂ ಇಳಿಯಂಗಿಲ್ಲ.

ಇನ್ನು ರಾಜಕೀಯ. ಟಿವಿಯವರು ‘ಅಕ್ರಮ ದಾಸ್ತಾನು’ ಅಂದಾಗ ಮುಚ್ಚಿಟ್ಟಿದ್ದೆಲ್ಲ ಕಳ್ಳಮಾಲು ಅನ್ನೋ ಧಾಟಿ ಇರುತ್ತೆ. ಹಗೇವು ಮುಚ್ಚಿಟ್ಟಿದ್ದೇ, ಆದರೆ ಬರಗಾಲದ ಊಟಕ್ಕೆ. 1955ರ ಅಗತ್ಯ ವಸ್ತುಗಳ ಕಾಯ್ದೆ ಹಿಡಿಯಲು ಹೊರಟಿದ್ದು ಬೆಲೆ ಏರಲಿ ಅಂತ ಕಾಯುವ ಗೋದಾಮನ್ನು. 2020ರ ತಿದ್ದುಪಡಿ ಆ ಹಿಡಿತ ಸಡಿಲಿಸಿತು, 2021ರಲ್ಲಿ ಕೃಷಿ ಕಾಯ್ದೆಗಳ ಜೊತೆ ಅದೂ ವಾಪಸಾಯ್ತು. 2024ರ ಜೂನ್‌ನಲ್ಲಿ ತೊಗರಿ, ಕಡಲೆಗೆ ಮಿತಿ ಹಾಕಿದರು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್.

ಮಿತಿ ಬೇಕು, ತಕರಾರಿಲ್ಲ. ಆದರೆ ತೊಗರಿ ಬೆಳೆದವನ ಕಥೆ ಬೇರೆ. ಜೋಳ ಮನೆಗೆ, ತೊಗರಿ ಮಾರುಕಟ್ಟೆಗೆ. ರಾಶಿ ಮುಗಿದ ಜನವರಿಯಲ್ಲೇ, ಎಲ್ಲರೂ ಮಾರೋ ಹೊತ್ತಲ್ಲೇ ಅವನೂ ಮಾರ್ತಾನೆ, ಸಾಲದವರು ಕಾಯೋದಿಲ್ಲವಲ್ಲ. ಗೋದಾಮಿನ ರಸೀದಿ ಅಡವಿಟ್ಟು ಸಾಲ ಪಡೆಯೋ ದಾರಿಯನ್ನು 2007ರ ಉಗ್ರಾಣ ಕಾಯ್ದೆ ತೆರೆದಿದೆ. ಜೇವರ್ಗಿಯಲ್ಲಿ ನಾಲ್ಕೆಕರೆ ಇರೋ ರೈತನ ಕೈಗೆ ಆ ರಸೀದಿ ಬಂದಿದೆಯಾ ಅಂತ ಮುಂದಿನ ಸಲ ವೋಟು ಕೇಳೋಕೆ ಬಂದವರನ್ನ ಕೇಳಿ.