ಬಾದಾಮಿಯಲ್ಲಿ ಒಂದು ಹಗಲು

ಬಾದಾಮಿಗೆ ನಾನು ಮೊದಲ ಸಲ ಹೋದದ್ದು ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು, ಇತಿಹಾಸದ ಹೊಸ ಮೇಷ್ಟರಾಗಿ. ಗುಹೆಗಳನ್ನು ನೋಡಿ ಹಿಂದಿರುಗುವಾಗ ಹುಡುಗನೊಬ್ಬ ಬಂಡೆಯೊಂದರ ಮೇಲೆ ಸವೆದುಹೋಗಿದ್ದ ಅಕ್ಷರಗಳನ್ನು ತೋರಿಸಿ, “ಸಾರ್, ಇದನ್ನು ಯಾರು ಬರೆಸಿದ್ದು?” ಎಂದು ಕೇಳಿದ. ಯಾರು ಬರೆಸಿದ್ದೆಂದು ನನಗೆ ಗೊತ್ತಿತ್ತು. ಆದರೂ “ಅದು ನಮ್ಮದಲ್ಲ, ಬಾ” ಎಂದು ಹೇಳಿ ಮುಂದೆ ನಡೆದೆ. ಆ ಉತ್ತರ ಬಹುಕಾಲ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ನಿವೃತ್ತನಾದ ಮೇಲೆ, ಒಂದು ಮಾಗಿಯ ದಿನ, ಒಬ್ಬನೇ ಹೋಗಿ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಆ ಊರನ್ನು ಕಾಲ್ನಡಿಗೆಯಲ್ಲಿ ನೋಡಿ ಬಂದೆ. ಆ ಹಗಲಿನ ವಿಚಾರವನ್ನೇ ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ದಕ್ಷಿಣಕ್ಕೊಂದು, ಉತ್ತರಕ್ಕೊಂದು ಕೆಂಪು ಮರಳುಗಲ್ಲಿನ ಗುಡ್ಡ. ಅವೆರಡರ ನಡುವೆ ಅಗಸ್ತ್ಯತೀರ್ಥವೆಂಬ ಕೆರೆ. ಕೆರೆಯ ಪಡುವಣ ದಂಡೆಗೆ ಒರಗಿ ಕುಳಿತ ಊರು. ಇದು ಬಾದಾಮಿ. ಇದರ ಹಳೆಯ ಹೆಸರು ವಾತಾಪಿ. ಅತಿಥಿಗಳನ್ನು ಕೊಲ್ಲುತ್ತಿದ್ದ ಇಲ್ವಲ ವಾತಾಪಿಗಳ ಕಥೆಯನ್ನೂ, ವಾತಾಪಿಯನ್ನು ಜೀರ್ಣಿಸಿಕೊಂಡ ಅಗಸ್ತ್ಯರ ಕಥೆಯನ್ನೂ ನಾವೆಲ್ಲ ಬಾಲ್ಯದಲ್ಲಿ ಕೇಳಿದವರೇ. ಊಟವಾದ ಮೇಲೆ ಮಗುವಿನ ಹೊಟ್ಟೆ ಸವರಿ ‘ವಾತಾಪಿ ಜೀರ್ಣೋಭವ’ ಎನ್ನುವ ಅಜ್ಜಿಯರು ಇಂದಿಗೂ ಇದ್ದಾರೆ.

ಬೆಳಗ್ಗೆ ಮೊದಲು ನಾನು ಹೋದದ್ದು ಊರೊಳಗಿನ ಜಂಬುಲಿಂಗನ ಗುಡಿಗೆ. ಮನೆಗಳ ನಡುವೆ ಇರುವ ಈ ಗುಡಿಯನ್ನು ಪ್ರವಾಸಿಗರು ಅಷ್ಟಾಗಿ ಗಮನಿಸುವುದಿಲ್ಲ. ಚಾಲುಕ್ಯ ವಿಜಯಾದಿತ್ಯನ ತಾಯಿ ವಿನಯವತಿ 699ರಲ್ಲಿ ಇಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿದಳೆಂದು ಅಲ್ಲಿನ ಶಾಸನ ಹೇಳುತ್ತದೆ. 699 ಎಂಬ ಈ ವರ್ಷವನ್ನು ತಾವು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಅಲ್ಲಿಂದ ತೆಂಕಣ ಗುಡ್ಡದ ಮೆಟ್ಟಿಲು ಹತ್ತಿದೆ. ಮೊದಲ ಗುಹೆ ಶಿವನದು. ಹದಿನೆಂಟು ತೋಳುಗಳ ನಟರಾಜ ಅದರ ಬಾಗಿಲಲ್ಲೇ ನಮ್ಮನ್ನು ಎದುರುಗೊಳ್ಳುತ್ತಾನೆ. ಎರಡನೆಯದೂ ಮೂರನೆಯದೂ ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆಯನ್ನು ಮಂಗಲೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಶಕ 500ರ ಕಾರ್ತಿಕ ಹುಣ್ಣಿಮೆಯಂದು, ಎಂದರೆ ಕ್ರಿ.ಶ. 578ರಲ್ಲಿ, ಪೂರೈಸಿದ. ಗುಹೆಯೊಳಗಿನ ಶಾಸನ ಸಂಸ್ಕೃತದಲ್ಲಿದೆ. ಹೊರಗೆ ಇರುವ ಚಿಕ್ಕ ಶಾಸನ ಕನ್ನಡದಲ್ಲಿದೆ. ನಮಗೆ ದೊರೆತಿರುವ ಬಹು ಹಳೆಯ ಕನ್ನಡ ಬರಹಗಳಲ್ಲಿ ಅದೊಂದು. ದೇವರಿಗೆ ಹೂ ಕಟ್ಟುವ ಮಾಲೆಗಾರರ ಜೀವನಕ್ಕೆ ಮಾಡಿದ ಏರ್ಪಾಡು ಅದರಲ್ಲಿದೆ. ಅದು ಗುಹೆಯನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ಎಷ್ಟು ಸರಳವಾದ ಮಾತು! ಈ ದತ್ತಿಯನ್ನು ಕೆಡಿಸಿದವನು ಏಳನೆಯ ನರಕದಲ್ಲಿ ಹುಳುವಾಗುವನೆಂಬ ಶಾಪವೂ ಅದರ ಜೊತೆಗಿದೆ.

ಮಧ್ಯಾಹ್ನ ಕೆರೆಯ ದಂಡೆ ಹಿಡಿದು ಮೂಡಣ ತುದಿಯ ಭೂತನಾಥನ ಗುಡಿಗೆ ಬಂದೆ. ಗರ್ಭಗೃಹ ಬಾದಾಮಿ ಚಾಲುಕ್ಯರ ಕಾಲದ್ದು, ಮುಂದಿನ ಮಂಟಪ ಆಮೇಲಿನದು. ಎರಡೂ ಒಂದೇ ನೀರಿನಲ್ಲಿ ನೆರಳು ಬಿಟ್ಟಿವೆ. ಅಲ್ಲಿಂದ ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ್ದು. ಅರಭಟ್ಟ ರಾಜನಾಗಿರಲಿಲ್ಲ. ಆದರೂ ಆತನ ಗುಣವನ್ನು ಹೇಳುವ ಸಾಲುಗಳಲ್ಲಿಯೇ ತ್ರಿಪದಿ ಮೊತ್ತಮೊದಲು ನಮ್ಮ ಕಣ್ಣಿಗೆ ಬೀಳುತ್ತದೆ. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದ ಮಟ್ಟು ಅದು.

ಬಿಸಿಲು ಇಳಿದ ಮೇಲೆ ಬಡಗಣ ಗುಡ್ಡ ಹತ್ತಿದೆ. ಇಲ್ಲಿಯೇ ಬಂಡೆಯ ಮೇಲೆ 543ರ ಶಾಸನವಿದೆ. ಮೊದಲನೆಯ ಪುಲಕೇಶಿ ಈ ಗಿರಿಯನ್ನು ದುರ್ಗವನ್ನಾಗಿ ಮಾಡಿದನೆಂದು ಅದು ತಿಳಿಸುತ್ತದೆ. ಚಾಲುಕ್ಯರ ರಾಜಧಾನಿಯ ಕಥೆ ಇಲ್ಲಿಂದ ಆರಂಭ. ಕೆಳಗಿನ ಶಿವಾಲಯದಲ್ಲಿ ಗರ್ಭಗೃಹ, ಶಿಖರಗಳಷ್ಟೇ ಉಳಿದಿವೆ. ಮೇಲಿನ ಶಿವಾಲಯದ ಗೋಡೆಗಳಲ್ಲಿ ರಾಮನ ಕಥೆಯೂ ಕೃಷ್ಣನ ಕಥೆಯೂ ಇವೆ. ಬೇರೆಯೇ ಒಂದು ಬಂಡೆಯ ಮೇಲೆ ನಿಂತ ಮಾಲೆಗಿತ್ತಿ ಶಿವಾಲಯ ಇಂದಿಗೂ ಇಡಿಯಾಗಿದೆ. ಸುತ್ತಲ ಕೋಟೆಗೋಡೆಗಳಲ್ಲಿ ಎಷ್ಟೋ ಕಾಲದ ಕಲ್ಲುಗಳು ಕೂಡಿವೆ. ಟಿಪ್ಪುವಿನ ಕೈಯಲ್ಲಿದ್ದ ಈ ಕೋಟೆಯನ್ನು ಮರಾಠರೂ ನಿಜಾಮನ ಸೈನ್ಯವೂ 1786ರಲ್ಲಿ ಮುತ್ತಿ ಹಿಡಿದವು.

ಹೊತ್ತು ಇಳಿಯುವ ವೇಳೆಗೆ ಆ ಹುಡುಗ ತೋರಿಸಿದ್ದ ಬಂಡೆಯ ಮುಂದೆ ಬಂದು ನಿಂತೆ. ಅದು ಪಲ್ಲವ ನರಸಿಂಹವರ್ಮನ ಶಾಸನ.

ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ತಡೆದು ನಿಲ್ಲಿಸಿದನೆಂದು ನಾನು ಪ್ರತಿವರ್ಷವೂ ಅಭಿಮಾನದಿಂದ ಪಾಠ ಹೇಳಿದವನು. ಆತ ಪಲ್ಲವ ರಾಜನನ್ನು ಕಂಚಿಯ ಕೋಟೆಯ ಹಿಂದೆ ಅಡಗುವಂತೆ ಮಾಡಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹಾಡಿದ್ದಾನೆ. ಅದನ್ನೂ ಹೇಳುತ್ತಿದ್ದೆ. ಎಂಟು ವರ್ಷ ಕಳೆಯುವುದರೊಳಗೆ, 642ರಲ್ಲಿ, ಆ ರಾಜನ ಮಗ ನರಸಿಂಹವರ್ಮ ವಾತಾಪಿಯನ್ನೇ ಹಿಡಿದ, ‘ವಾತಾಪಿಕೊಂಡ’ನೆಂಬ ಬಿರುದು ಧರಿಸಿದ, ತನ್ನ ಆಳ್ವಿಕೆಯ ಹದಿಮೂರನೆಯ ವರ್ಷವನ್ನು ಈ ಬಂಡೆಯ ಮೇಲೆ ಬರೆಸಿದ. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದದ್ದು ಸುಮಾರು 655ರಲ್ಲಿ. ನಡುವಿನ ಹನ್ನೆರಡು ಹದಿಮೂರು ವರ್ಷಗಳನ್ನು ನಾನು ತರಗತಿಯಲ್ಲಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಿದ್ದೆ. ಆ ವರ್ಷಗಳನ್ನು ಬಿಟ್ಟರೆ ಜಂಬುಲಿಂಗನ ಗುಡಿಗೂ ಪೂರ್ಣ ಅರ್ಥ ಬರುವುದಿಲ್ಲ. ಕಳೆದುಕೊಂಡ ಊರು ಕೈಗೆ ಮರಳಿ ಇನ್ನೂ ಐವತ್ತು ವರ್ಷ ತುಂಬಿರಲಿಲ್ಲ. ಅಂಥ ಊರಿನ ನಡುವೆ ರಾಜಮಾತೆಯೊಬ್ಬಳು ತ್ರಿಮೂರ್ತಿಗಳನ್ನು ನಿಲ್ಲಿಸಿದಳು. ಸೋಲನ್ನು ಬಿಟ್ಟು ಓದಿದವನಿಗೆ ಅದು ಹತ್ತರೊಡನೆ ಹನ್ನೊಂದನೆಯ ಗುಡಿ.

ಈ ಕಥೆಗೆ ಇನ್ನೂ ಒಂದು ಅಧ್ಯಾಯವಿದೆ. ಅದು ಬಾದಾಮಿಯಲ್ಲಿಲ್ಲ, ಕಂಚಿಯಲ್ಲಿದೆ. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಹೊಕ್ಕ. ಪಲ್ಲವ ರಾಜಸಿಂಹ ಕಟ್ಟಿಸಿದ್ದ ಕೈಲಾಸನಾಥನ ಗುಡಿಯ ಐಶ್ವರ್ಯವನ್ನು ಕಂಡ. ಅದನ್ನು ದೋಚದೆ ದೇವರಿಗೇ ಮರಳಿ ಬಿಟ್ಟುಕೊಟ್ಟ. ಆ ಸಂಗತಿಯನ್ನು ಅಲ್ಲಿನ ಮಂಟಪದ ಕಂಬವೊಂದರ ಮೇಲೆ ಕನ್ನಡದಲ್ಲಿ ಬರೆಸಿದ. ಆತನ ರಾಣಿಯರು ಈ ಗೆಲವಿನ ನೆನಪಿಗಾಗಿ ಪಟ್ಟದಕಲ್ಲಿನಲ್ಲಿ ಎರಡು ದೊಡ್ಡ ಗುಡಿಗಳನ್ನು ಎತ್ತಿಸಿದರು.

ಬಾದಾಮಿಯಿಂದ ಬಂದ ಮರುವರ್ಷ ನಾನು ಕಂಚಿಗೂ ಹೋದೆ. ಗುಡಿಯಲ್ಲಿದ್ದ ಮುದುಕರೊಬ್ಬರು ನಾನು ಕನ್ನಡದವನೆಂದು ತಿಳಿದ ಕೂಡಲೇ ಕೈಹಿಡಿದು ಆ ಕಂಬದ ಬಳಿಗೆ ಕರೆದೊಯ್ದರು. “ನಿಮ್ಮ ರಾಜನ ಬರಹ, ನೋಡಿ” ಎಂದು ತಮಿಳಿನಲ್ಲಿ ಹೇಳಿದರು. ತಮ್ಮ ಊರನ್ನು ಗೆದ್ದವನ ಅಕ್ಷರವನ್ನು ಅವರು ತಮ್ಮ ಮನೆಯ ಒಡವೆಯಂತೆ ತೋರಿಸಿದರು. ಅವರ ಮುಂದೆ ನಾನು ನನ್ನ ಹಳೆಯ ಉತ್ತರವನ್ನು ನೆನೆದು ನಾಚಿದೆ.

ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಅವನ ಮಕ್ಕಳೇ ಶಾಲೆ ಮುಗಿಸಿರಬಹುದು. ಈ ಮಾತು ಅವನ ಕಿವಿಗೆ ಬಿದ್ದರೆ ಸಂತೋಷ. ಅವನ ಪ್ರಶ್ನೆಗೆ ನಾನು ಹೇಳಬೇಕಾಗಿದ್ದ ಉತ್ತರ ಇಷ್ಟೇ: “ನಮ್ಮನ್ನು ಸೋಲಿಸಿದವರು ಬರೆಸಿದ್ದಪ್ಪ. ಇದೂ ನಮ್ಮ ಊರಿನ ಕಥೆಯೇ. ಬಾ, ಓದೋಣ.”